ನಿಮ್ಮ ಸೈಟೇಷನ್ ಎಷ್ಟು?



"ಮುಂದಿನ ಸಂಚಿಕೆಗೆ ಏನಾದರೂ ಬರೆದುಕೊಡಿ" ಎಂದು ನಮ್ಮ ಸಂಪಾದಕರು ಮೂರು ಸಲ ಈಮೈಲ್ ಮಾಡಿದ್ದರು. ಮೂರಕ್ಕೂ "ಈ ವೀಕೆಂಡ್ ಖಂಡಿತ" ಎಂದು ಉತ್ತರಿಸಿ ತಲೆಮರೆಸಿಕೊಂಡಿದ್ದೆ. ದಿನವೆಲ್ಲ ಕೋಡ್ ಕುಟ್ಟುವವನಿಗೆ ಕನ್ನಡ ಬರೆಯಲು ಕೂತರೆ ಕೈ ಸ್ವಲ್ಪ ನಡುಗುತ್ತದೆ. ಆದರೆ ಈ ಸಲ ವಿಷಯ ತಾನಾಗಿಯೇ ಮನೆಗೆ ಬಂತು, ಒಬ್ಬ ಇಮಿಗ್ರೇಷನ್ ವಕೀಲರ ಫೋನಿನ ಮೂಲಕ.

ನನ್ನ ಹೆಂಡತಿ ತಳಿವಿಜ್ಞಾನಿ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಡಾಕ್ ಆಗಿ ಜೋಳದ ಮೇಲೆ ಕೆಲಸ ಮಾಡುತ್ತಾಳೆ. (ರೊಟ್ಟಿಯ ಜೋಳ ಸ್ವಾಮಿ, ಪಾಪ್‌ಕಾರ್ನಿನದಲ್ಲ. ಇಲ್ಲಿ ಅದನ್ನು ಸೋರ್ಗಮ್ ಅನ್ನುತ್ತಾರೆ. ಕಾನ್ಸಾಸ್, ಟೆಕ್ಸಾಸ್ ಕಡೆ ಎಕರೆಗಟ್ಟಲೆ ಬೆಳೆದು ಬಹಳಷ್ಟನ್ನು ದನಕ್ಕೆ ಹಾಕುತ್ತಾರೆ ಎಂದು ಕೇಳಿ ನಮ್ಮ ಅತ್ತೆಯವರು ಒಂದು ನಿಮಿಷ ಮಾತೇ ಆಡಲಿಲ್ಲ.) ಕಾಳು ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೂ ಕೆಲವು ಜೋಳದ ತಳಿಗಳ ಎಲೆ ಒಣಗುವುದಿಲ್ಲ, ಹಸಿರಾಗಿಯೇ ನಿಲ್ಲುತ್ತದೆ. ಅದಕ್ಕೆ ಯಾವ ಜೀನ್‌ಗಳು ಕಾರಣ, ಅವನ್ನು ಬೇರೆ ತಳಿಗೆ ತರುವುದು ಹೇಗೆ ಅನ್ನುವುದು ಅವಳ ಹುಡುಕಾಟ. ನನಗೆ ಅರ್ಥವಾಗಿರುವುದು ಇಷ್ಟೇ, ಇನ್ನೂ ಹೆಚ್ಚು ಹೇಳಹೋದರೆ ಮನೆಯಲ್ಲಿ ನಗುತ್ತಾರೆ.

ಗ್ರೀನ್ ಕಾರ್ಡ್ ಕಥೆ ನಿಮಗೆ ವಿವರಿಸಬೇಕಿಲ್ಲ. ನನ್ನ ಪ್ರಯಾರಿಟಿ ಡೇಟ್ 2017ರದು, ಇಬಿ-2. ಭಾರತದವರ ಸಾಲು ಹೇಗೆ ತೆವಳುತ್ತದೆ ಎಂದು ಪ್ರತಿ ತಿಂಗಳು ವೀಸಾ ಬುಲೆಟಿನ್ ನೋಡುವ ನಿಮಗೆಲ್ಲ ಗೊತ್ತು. ಕಳೆದ ದೀಪಾವಳಿ ಪಾರ್ಟಿಯಲ್ಲಿ ಯಾರೋ ಹೇಳಿದರು, "ನಿಮ್ಮ ಮನೆಯವರು ಸೈಂಟಿಸ್ಟ್ ಅಲ್ವಾ? ಅವರ ಹೆಸರಲ್ಲಿ ಇಬಿ-1 ಹಾಕಿ, ಆ ಸಾಲು ಇದಕ್ಕಿಂತ ಚಿಕ್ಕದು" ಅಂತ. ಸರಿ ಎಂದು ಒಬ್ಬ ವಕೀಲರನ್ನು ಹಿಡಿದೆವು. ಜೋಳ, ಬರ, ರೈತರು ಎಂದೆಲ್ಲ ಇವಳು ಹೇಳಲು ತಯಾರಾಗಿ ಕೂತಿದ್ದಳು. ಅವರು ಕೇಳಿದ ಮೊದಲನೇ ಪ್ರಶ್ನೆ: "ನಿಮ್ಮ ಸೈಟೇಷನ್ ಎಷ್ಟು?"

"ನೂರ ಎಪ್ಪತ್ತೆಂಟು" ಅಂದಳು.

ಆ ಕಡೆಯಿಂದ "ಹ್ಮ್" ಅಂತ ಒಂದು ಸದ್ದು ಬಂತು. ಅಷ್ಟೇ. ಮುಂದಿನ ಅರ್ಧ ಗಂಟೆ ಅವರು ಬಹಳ ಸೌಜನ್ಯದಿಂದಲೇ ಮಾತಾಡಿದರು, ಆದರೆ ಆ "ಹ್ಮ್" ನಮ್ಮಿಬ್ಬರ ಕಿವಿಯಲ್ಲೂ ಉಳಿದುಬಿಟ್ಟಿತು. ರಾತ್ರಿ ಪಾತ್ರೆ ತೊಳೆಯುವಾಗ ಇವಳು ಕೇಳಿದಳು: "ಹನ್ನೊಂದು ವರ್ಷದ ಕೆಲಸಕ್ಕೆ ಒಂದು ನಂಬರ್ ಏನ್ರೀ? ಅದೂ ಚಿಕ್ಕ ನಂಬರ್."

ನನಗೆ ಉತ್ತರ ಗೊತ್ತಿರಲಿಲ್ಲ. ಎಂಜಿನಿಯರ್ ಬುದ್ಧಿ, ಆ ನಂಬರ್ ಹೇಗೆ ಹುಟ್ಟುತ್ತೆ ನೋಡೋಣ ಎಂದು ಅವತ್ತಿನಿಂದ ಸಂಜೆ ಹೊತ್ತು ಓದತೊಡಗಿದೆ. ನಮ್ಮ ಕೂಟದಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ಮಾಡಿದವರನ್ನು ಮದುವೆಯಾದವರು ಬಹಳ ಜನ ಇದ್ದೀರಿ. ನಿಮಗೂ ಉಪಯೋಗ ಆಗಬಹುದು.

ಸೈಟೇಷನ್ ಅಂದರೆ ಸರಳ. ಒಬ್ಬ ವಿಜ್ಞಾನಿ ಪೇಪರ್ ಬರೆಯುವಾಗ ತಾನು ಯಾರ ಯಾರ ಕೆಲಸದ ಮೇಲೆ ನಿಂತಿದ್ದೇನೆ ಎಂದು ಕೊನೆಯಲ್ಲಿ ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ನಿಮ್ಮ ಪೇಪರ್ ಇದ್ದರೆ ನಿಮಗೆ ಒಂದು ಸೈಟೇಷನ್. ಮದುವೆಯ ಮುಯ್ಯಿ ಪುಸ್ತಕದ ಥರ ಅನ್ನಿ, ಯಾರು ಯಾರಿಗೆ ಎಷ್ಟು ಋಣಿ ಎನ್ನುವ ಲೆಕ್ಕ. ಆದರೆ ಈ ಪುಸ್ತಕವನ್ನು ಹಿಂದುಮುಂದು ಮಾಡಿ, "ಈ ಪೇಪರನ್ನು ಮುಂದೆ ಯಾರೆಲ್ಲ ನೆನೆದರು" ಎಂದು ಹುಡುಕುವುದು ಕಂಪ್ಯೂಟರ್ ಬರುವ ಮೊದಲು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು.

ಅದನ್ನು ಸಾಧ್ಯ ಮಾಡಿದವರು ಯೂಜೀನ್ ಗಾರ್ಫೀಲ್ಡ್. 1955ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಯೋಚನೆಯನ್ನು ಬರೆದರು. ಅದು ಅವರಿಗೆ ಹೊಳೆದದ್ದು ಎಲ್ಲಿಂದ ಗೊತ್ತೇ? ವಕೀಲರ ಪುಸ್ತಕದಿಂದ! ಅಮೆರಿಕದಲ್ಲಿ 1873ರಿಂದ 'ಶೆಪರ್ಡ್ಸ್ ಸೈಟೇಷನ್ಸ್' ಎಂಬ ಸೂಚಿ ಇತ್ತು. ಒಂದು ಕೇಸಿನ ತೀರ್ಪನ್ನು ಮುಂದೆ ಯಾವ ಯಾವ ಕೋರ್ಟು ಎತ್ತಿ ಹಿಡಿಯಿತು, ಯಾವುದು ತಳ್ಳಿಹಾಕಿತು ಎಂದು ವಕೀಲರು ಅದರಲ್ಲಿ ನೋಡುತ್ತಿದ್ದರು. ಅಂದರೆ ವಕೀಲರಿಂದ ವಿಜ್ಞಾನಿಗಳಿಗೆ ಹೋದ ಸಾಮಾನು ನೂರೈವತ್ತು ವರ್ಷ ಸುತ್ತಿ ಮತ್ತೆ ವಕೀಲರ ಬಾಯಿಂದಲೇ ನಮ್ಮ ಮನೆಗೆ ಬಂದಿದೆ. ಇದನ್ನು ಹೇಳಿದಾಗ ಇವಳು ಆ ವಾರದಲ್ಲಿ ಮೊದಲ ಸಲ ನಕ್ಕಳು.

ಇನ್ನೂ ಒಂದು ಸ್ವಾರಸ್ಯ ಇದೆ. ಗಾರ್ಫೀಲ್ಡ್ ಅವರ ಯೋಚನೆಯನ್ನು ಕೈಹಿಡಿದು ಎತ್ತಿದವರೇ ಒಬ್ಬ ತಳಿವಿಜ್ಞಾನಿ. ಬ್ಯಾಕ್ಟೀರಿಯಾಗಳ ತಳಿವಿಜ್ಞಾನಕ್ಕೆ 1958ರಲ್ಲಿ ನೊಬೆಲ್ ಪಡೆದ ಜೋಶುವಾ ಲೆಡರ್‌ಬರ್ಗ್. "ನಿಮ್ಮ ಆ ಸೂಚಿ ಏನಾಯಿತು?" ಎಂದು 1959ರಲ್ಲಿ ಗಾರ್ಫೀಲ್ಡ್‌ಗೆ ಕಾಗದ ಬರೆದರು, ಸರ್ಕಾರದ ಅನುದಾನ ಸಿಗಲು ನೆರವಾದರು. ಹಾಗಾಗಿ ಮೊದಲ ಪ್ರಯೋಗ ನಡೆದದ್ದೂ ಅವರ ಶಾಸ್ತ್ರದ ಮೇಲೆಯೇ: 1963ರ 'ಜೆನೆಟಿಕ್ಸ್ ಸೈಟೇಷನ್ ಇಂಡೆಕ್ಸ್'. ಅದರ ಹಿಂದೆಯೇ ಎಲ್ಲ ವಿಜ್ಞಾನಕ್ಕೂ ಸೇರಿದ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಬಂತು, 613 ಜರ್ನಲ್‌ಗಳು, 14 ಲಕ್ಷ ಸೈಟೇಷನ್‌ಗಳು. ಇವತ್ತಿನ 'ವೆಬ್ ಆಫ್ ಸೈನ್ಸ್' ಅದರದೇ ವಂಶ. ಲೆಡರ್‌ಬರ್ಗ್ ಅವರಿಗೆ ಬೇಕಾಗಿದ್ದದ್ದು ಹುಡುಕುವ ಸಾಧನ. ಒಂದು ಒಳ್ಳೆಯ ಪೇಪರ್ ಸಿಕ್ಕಿದರೆ ಅದರ ಜಾಡು ಹಿಡಿದು ಮುಂದಕ್ಕೆ ಹೋಗುವುದು, ಅಷ್ಟೇ. ಮನುಷ್ಯರನ್ನು ತೂಗುವ ತಕ್ಕಡಿ ಆಮೇಲೆ ಆದದ್ದು. ನಾವು ಡಿಬಗ್ ಮಾಡಲು ಇಟ್ಟ ಲಾಗ್ ಫೈಲನ್ನು ಮ್ಯಾನೇಜರ್ ಅಪ್ರೈಸಲ್‌ಗೆ ಬಳಸಿದ ಹಾಗೆ.

ಆ ತಕ್ಕಡಿಯ ಇತ್ತೀಚಿನ ಬಟ್ಟು ಎಚ್-ಇಂಡೆಕ್ಸ್. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟದ್ದು. ನಮ್ಮ ಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಆಗ ಇವಳ ಪ್ರೊಫೈಲಿನಲ್ಲಿ ಎಂಟು ಪೇಪರ್ ಇದ್ದವು. ಅವುಗಳ ಸೈಟೇಷನ್ ಮೇಲಿಂದ ಕೆಳಕ್ಕೆ: 83, 41, 19, 14, 10, 8, 3, 0. ಈಗ ಮೇಲಿಂದ ಎಣಿಸಿ. ಆರನೆಯ ಪೇಪರಿಗೆ 8 ಸೈಟೇಷನ್, ಅದು 6ಕ್ಕಿಂತ ಕಡಿಮೆ ಅಲ್ಲ, ಸರಿ. ಏಳನೆಯದಕ್ಕೆ 3, ಅದು 7ಕ್ಕಿಂತ ಕಡಿಮೆ, ನಿಲ್ಲಿಸಿ. ಎಚ್-ಇಂಡೆಕ್ಸ್ 6. ಐದು ಸಾಲಿನ ಕೋಡ್, ಸಾರ್ಟ್ ಮಾಡಿ ಒಂದು ಲೂಪ್.

ಲೆಕ್ಕ ಚೆನ್ನಾಗಿದೆ. ಒಂದೇ ಒಂದು ಪೇಪರಿನ ಅದೃಷ್ಟದಿಂದ ಮೇಲೆ ಹೋಗಲಾಗದು, ನೂರು ಪೊಳ್ಳು ಪೇಪರ್ ಬರೆದೂ ಮೇಲೆ ಹೋಗಲಾಗದು. ಆದರೆ ತಳಿವಿಜ್ಞಾನದ ಮೂಲಪುರುಷನನ್ನೇ ಇದಕ್ಕೆ ಹಾಕಿ ನೋಡಿ. ಗ್ರೆಗರ್ ಮೆಂಡೆಲ್ ಸಸ್ಯಗಳ ಸಂಕರಣದ ಬಗ್ಗೆ ಬರೆದ ಪೇಪರ್‌ಗಳು ಎರಡೇ, ಒಂದು ಬಟಾಣಿಯದು, ಇನ್ನೊಂದು ಹಾಕ್‌ವೀಡ್ ಎಂಬ ಗಿಡದ್ದು. ಎರಡು ಪೇಪರಿಗೆ ಎಚ್-ಇಂಡೆಕ್ಸ್ ಎರಡನ್ನು ದಾಟುವಂತೆಯೇ ಇಲ್ಲ. ಜಗತ್ತಿನ ಪ್ರತಿ ಹೈಸ್ಕೂಲಿನಲ್ಲೂ ಪಾಠ ಮಾಡಿದರೂ ಎರಡೇ.

ಮೆಂಡೆಲ್ ಕಥೆ ನಮಗೆಲ್ಲ ಹತ್ತನೇ ತರಗತಿಯಿಂದ ಗೊತ್ತು, ಆದರೆ ಸೈಟೇಷನ್ ಕಣ್ಣಿನಿಂದ ನೋಡಿದರೆ ಹೊಟ್ಟೆ ತೊಳೆಸುತ್ತದೆ. ಇಂದಿನ ಝೆಕ್ ದೇಶದ ಬ್ರನೊ ಊರಿನ ಮಠದ ತೋಟದಲ್ಲಿ ಎಂಟು ವರ್ಷ ಸಾವಿರಾರು ಬಟಾಣಿ ಗಿಡ ಬೆಳೆಸಿ ಎಣಿಸಿದ. 1865ರ ಫೆಬ್ರವರಿ, ಮಾರ್ಚ್‌ನಲ್ಲಿ ಎರಡು ಸಂಜೆ ಊರಿನ ವಿಜ್ಞಾನ ಸಂಘದಲ್ಲಿ ಓದಿದ. 1866ರಲ್ಲಿ ಅಚ್ಚಾಯಿತು. ಬಿಡಿ ಪ್ರತಿ 40 ಮಾಡಿಸಿ ದೊಡ್ಡವರಿಗೆ ಕಳಿಸಿದ. ಮ್ಯೂನಿಕ್‌ನ ಹೆಸರಾಂತ ಸಸ್ಯವಿಜ್ಞಾನಿ ನೇಗೆಲಿ ಉತ್ತರ ಬರೆದರು, ವರ್ಷಗಟ್ಟಲೆ ಕಾಗದ ವ್ಯವಹಾರವೂ ನಡೆಯಿತು, ಆದರೆ ವಿಷಯದ ತಿರುಳು ಅವರಿಗೆ ಹತ್ತಲಿಲ್ಲ. 1884ರಲ್ಲಿ ಮೆಂಡೆಲ್ ತೀರಿಕೊಂಡ. 1900ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಬೇರೆ ಬೇರೆ ದಾರಿಯಿಂದ ಬಂದು ಆ ಪೇಪರನ್ನು ಮತ್ತೆ ಎತ್ತುವವರೆಗೆ, ಆ 34 ವರ್ಷಗಳಲ್ಲಿ ಅದನ್ನು ಹೆಸರಿಸಿದವರು ಒಂದು ಡಜನ್ ಆಸುಪಾಸು. ನಮ್ಮ ವಕೀಲರು ಆಗ ಇದ್ದಿದ್ದರೆ ಬರೀ "ಹ್ಮ್" ಅನ್ನುತ್ತಿರಲಿಲ್ಲ, ಫೋನೇ ಇಟ್ಟುಬಿಡುತ್ತಿದ್ದರು.

ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರನ್ನೂ ಇದೇ ಸಾಲಿಗೆ ಸೇರಿಸುವುದುಂಟು. ಮುಸುಕಿನ ಜೋಳದ ಕಾಳಿನ ಬಣ್ಣ ನೋಡಿ, ಜೀನ್‌ಗಳು ಕೂತಲ್ಲೇ ಕೂರುವುದಿಲ್ಲ, ಜಾಗ ಬದಲಿಸುತ್ತವೆ ಎಂದು 1950ರ ಸುಮಾರಿಗೆ ಹೇಳಿದರು. ನೊಬೆಲ್ ಬಂದದ್ದು 1983ರಲ್ಲಿ, 81ನೇ ವಯಸ್ಸಿನಲ್ಲಿ. ಆದರೆ "ಯಾರೂ ಕಣ್ಣೆತ್ತಿ ನೋಡಲಿಲ್ಲ" ಎನ್ನುವ ಕಥೆ ಪೂರ್ತಿ ನಿಜವಲ್ಲ. 1944ರಲ್ಲೇ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯೆ, ಮರುವರ್ಷ ತಳಿವಿಜ್ಞಾನಿಗಳ ಸಂಘದ ಅಧ್ಯಕ್ಷೆ. ಅವರ ಮೇಲೆ ಗೌರವ ಇತ್ತು, ಆ ಒಂದು ಮಾತನ್ನು ಮಾತ್ರ ಮುಂದಕ್ಕೆ ಒಯ್ಯಲು ಯಾರಿಗೂ ಗೊತ್ತಾಗಲಿಲ್ಲ. ಗೌರವ ಬೇರೆ, ಸೈಟೇಷನ್ ಬೇರೆ ಎನ್ನುವುದಕ್ಕೆ ನನಗೆ ಇದು ಮೆಂಡೆಲ್‌ಗಿಂತ ಒಳ್ಳೆಯ ಉದಾಹರಣೆ ಅನ್ನಿಸುತ್ತದೆ.

ಇರಲಿ, ಕಡಿಮೆ ಸೈಟೇಷನ್ ಕಥೆ ಆಯಿತು. ಹೆಚ್ಚು ಯಾರಿಗೆ? ಇಲ್ಲಿ ನನ್ನ ಕಿವಿ ನೆಟ್ಟಗಾಯಿತು, ಯಾಕೆಂದರೆ ಉತ್ತರದಲ್ಲಿ ನಮ್ಮ ಜಾತಿಯವರು, ಅಂದರೆ ಸಾಫ್ಟ್‌ವೇರಿನವರು, ಬರುತ್ತಾರೆ.

2014ರಲ್ಲಿ 'ನೇಚರ್' ಪತ್ರಿಕೆ ಅದುವರೆಗೆ ಅತಿ ಹೆಚ್ಚು ಸೈಟೇಷನ್ ಪಡೆದ 100 ಪೇಪರ್‌ಗಳ ಪಟ್ಟಿ ಮಾಡಿತು. ಮೊದಲನೆಯದು ಲೌರಿ ಎಂಬುವರು 1951ರಲ್ಲಿ ಬರೆದದ್ದು, ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. ಮೂರು ಲಕ್ಷಕ್ಕೂ ಹೆಚ್ಚು ಸೈಟೇಷನ್. ಡಿಎನ್‌ಎ ಅಕ್ಷರಗಳನ್ನು ಓದುವ ಸ್ಯಾಂಗರ್ ವಿಧಾನ ನಾಲ್ಕನೆಯದು. ಜೀನ್ ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸುವ 'ಕ್ಲಸ್ಟಲ್' ಪ್ರೋಗ್ರಾಂ ಹತ್ತನೆಯದು. ಸಿಕ್ಕ ಸಾಲು ಇನ್ನೆಲ್ಲಾದರೂ ಇದೆಯಾ ಎಂದು ಹುಡುಕುವ 'ಬ್ಲಾಸ್ಟ್' ಹನ್ನೆರಡನೆಯದು. ಹಾಗಾದರೆ 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಬರೆದ ಡಿಎನ್‌ಎ ಸುರುಳಿಯ ಪೇಪರ್? ಆ ನೂರರಲ್ಲೇ ಇಲ್ಲ! ಅದಕ್ಕೆ ಆಗ ಇದ್ದದ್ದು ಐದು ಸಾವಿರ ಚಿಲ್ಲರೆ.

ಯಾಕೆ ಹೀಗೆ? ಎಲ್ಲರಿಗೂ ಗೊತ್ತಿರುವ ಸತ್ಯಕ್ಕೆ ಯಾರೂ ಋಣ ಬರೆಯುವುದಿಲ್ಲ. ಸಾರಿಗೆ ಉಪ್ಪು ಹಾಕಲು ಕಲಿಸಿದವರು ಯಾರು ಎಂದು ನಾವು ಹೇಳುತ್ತೇವೆಯೇ? ಆದರೆ ಉಪಕರಣ ಬಳಸಿದವರು ಪ್ರತಿ ಸಲ "ಇಂಥ ಉಪಕರಣ ಬಳಸಿದೆ" ಎಂದು ಬರೆಯಲೇಬೇಕು. ಅಂದ ಹಾಗೆ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರದೂ ಇದೇ ಕಥೆ. ಅವರು ಮೂಲತಃ ಸಂಖ್ಯಾಶಾಸ್ತ್ರಜ್ಞರು, ಕೇಂಬ್ರಿಜ್‌ನಲ್ಲಿ ಆರ್. ಎ. ಫಿಷರ್ ಅವರ ಬಳಿ ಇದ್ದಾಗ ಇಲಿ ಸಾಕಿ ಜೀನ್‌ಗಳ ನಕ್ಷೆ ಮಾಡುವ ಕೆಲಸವನ್ನೂ ಮಾಡಿದವರು. ಅವರ 1945ರ ಪೇಪರಿನ 'ಕ್ರಾಮರ್-ರಾವ್' ಮಿತಿಯನ್ನು ಎಂಜಿನಿಯರಿಂಗ್ ಓದುವಾಗ ನಾನೂ ಪರೀಕ್ಷೆಗೆ ಉರು ಹೊಡೆದಿದ್ದೇನೆ. ಮೂಲ ಪೇಪರ್ ಯಾವ ಪತ್ರಿಕೆಯಲ್ಲಿ ಬಂತೆಂದು ಯಾರೂ ಕೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಹೆಸರು ಸೂತ್ರವಾದ ಮೇಲೆ ಎಣಿಕೆ ನಿಂತುಹೋಗುತ್ತದೆ. ರಾವ್ ಅವರು 2023ರ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ಆ ಪಟ್ಟಿಯ ಇಪ್ಪತ್ತನೇ ಜಾಗದಲ್ಲಿದ್ದವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಸತೋಶಿ ನೇಯಿ. 1931ರಲ್ಲಿ ಜಪಾನಿನಲ್ಲಿ ಹುಟ್ಟಿ, 1969ರಲ್ಲಿ ಅಮೆರಿಕಕ್ಕೆ ಬಂದು, ಟೆಕ್ಸಾಸ್, ಪೆನ್ಸಿಲ್ವೇನಿಯಾಗಳಲ್ಲಿ ಪಾಠ ಮಾಡಿ, ಇಲ್ಲಿಯೇ 2023ರಲ್ಲಿ ತೀರಿಕೊಂಡ ತಳಿವಿಜ್ಞಾನಿ. ನಮ್ಮ ಹಾಗೆಯೇ ಸಮುದ್ರ ದಾಟಿ ಬಂದವರು. ಎರಡು ಜನಸಮುದಾಯಗಳ ಜೀನ್‌ಗಳು ಒಂದಕ್ಕೊಂದು ಎಷ್ಟು ದೂರ ಎಂದು ಅಳೆಯುವ ಸೂತ್ರವನ್ನು 1972ರಲ್ಲಿ ಕೊಟ್ಟರು. 1987ರಲ್ಲಿ ನರುಯಾ ಸೈತೌ ಜೊತೆ ಸೇರಿ ವಂಶವೃಕ್ಷ ಕಟ್ಟುವ 'ನೇಬರ್ ಜಾಯಿನಿಂಗ್' ವಿಧಾನ ಕೊಟ್ಟರು.

ಇದು ಯಾಕೆ ದೊಡ್ಡದು ಎಂದು ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಹತ್ತು ಜೀವಿಗಳನ್ನು ಎಲೆಗಳಾಗಿ ಇಟ್ಟುಕೊಂಡು ಅವುಗಳ ನಂಟಿನ ಮರ ಬರೆಯಿರಿ ಎಂದರೆ, ಬರೆಯಬಹುದಾದ ಮರಗಳು 20 ಲಕ್ಷಕ್ಕೂ ಹೆಚ್ಚು, ಸರಿಯಾಗಿ 20,27,025. ಇಪ್ಪತ್ತು ಜೀವಿ ಎಂದರೆ ಲೆಕ್ಕವೇ ಬೇಡ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಆರಿಸುವುದು ಆಗದ ಮಾತು. ನೇಯಿ, ಸೈತೌ ಏನು ಮಾಡಿದರೆಂದರೆ, ಪ್ರತಿ ಹೆಜ್ಜೆಯಲ್ಲೂ ಯಾವ ಇಬ್ಬರನ್ನು ಜೋಡಿಸಿದರೆ ಮರದ ಒಟ್ಟು ಕೊಂಬೆಗಳ ಉದ್ದ ಅತಿ ಕಡಿಮೆ ಆಗುತ್ತದೋ ಅವರನ್ನು ಜೋಡಿಸು, ಆ ಜೋಡಿಯನ್ನು ಒಬ್ಬನೆಂದು ಎಣಿಸು, ಮತ್ತೆ ಮೊದಲಿನಿಂದ ಮಾಡು ಎಂದರು. ಅಷ್ಟೇ. ಕಾಲೇಜಿನಲ್ಲಿ ಓದಿದ ಗ್ರೀಡಿ ಆಲ್ಗರಿದಮ್. ನೂರಾರು ಜೀವಿಗಳಿಗೂ ಮಾಮೂಲಿ ಕಂಪ್ಯೂಟರಿನಲ್ಲಿ ಮರ ಬಂತು. 1993ರಲ್ಲಿ ಭಾರತದಿಂದ ಬಂದ ಅವರ ವಿದ್ಯಾರ್ಥಿ ಸುಧೀರ್ ಕುಮಾರ್ ಮತ್ತು ಜಪಾನಿನ ಕೊಯಿಚಿರೊ ತಮುರಾ ಜೊತೆ ಇದನ್ನೆಲ್ಲ ಸೇರಿಸಿ 'ಮೆಗಾ' ಎಂಬ ಪ್ರೋಗ್ರಾಂ ಮಾಡಿದರು, ಆಗ ಡಾಸ್‌ನಲ್ಲಿ ಓಡುತ್ತಿತ್ತು. ಮುಂದಿನ ಆವೃತ್ತಿಗಳ ಪೇಪರ್‌ಗಳಲ್ಲಿ ಹಲವು ಹತ್ತಾರು ಸಾವಿರ ಸಲ ಉಲ್ಲೇಖವಾಗಿವೆ.

ಹಾಗಂತ ನೇಯಿ ಬರೀ ಪ್ರೋಗ್ರಾಂ ಮಾಡಿದವರಲ್ಲ. ವಿಕಾಸದಲ್ಲಿ ಆಯ್ಕೆಗಿಂತ ರೂಪಾಂತರವೇ ಮುಖ್ಯ ಚಾಲಕ ಎಂದು ಕೊನೆಯವರೆಗೂ ವಾದಿಸಿದರು, ಅದಕ್ಕಾಗಿ ಇಡೀ ಪುಸ್ತಕ ಬರೆದರು. ಅವರ ಜೀವದ ಮಾತು ಅದು. ಆದರೆ ಜಗತ್ತು ಅವರನ್ನು ಲಕ್ಷಾಂತರ ಸಲ ನೆನೆದದ್ದು ಉಪಕರಣಕ್ಕಾಗಿ.

ಇದನ್ನು ಓದುತ್ತಿದ್ದಾಗ ನನಗೆ ಇವಳ ಪಟ್ಟಿ ನೆನಪಾಯಿತು. ಎದ್ದು ಹೋಗಿ ಮತ್ತೆ ನೋಡಿದೆ. ಮೇಲೆ ಕೂತಿರುವ 83 ಯಾವುದು? ಜೋಳದ ಗುರುತುಗಳನ್ನು ಸೋಸಿ ತೆಗೆಯುವ ಒಂದು ಸಣ್ಣ ಪ್ರೋಗ್ರಾಂ ಬಗ್ಗೆ ಎರಡು ಪುಟದ ಟಿಪ್ಪಣಿ. ಆ ಪ್ರೋಗ್ರಾಂ ಬರೆದವನು ನಾನು! ಮಗಳು ಹುಟ್ಟುವ ಮೊದಲು, ಎರಡು ವೀಕೆಂಡ್ ಕೂತು, ಇವಳು ಎಕ್ಸೆಲ್‌ನಲ್ಲಿ ಒದ್ದಾಡುವುದು ನೋಡಲಾಗದೆ ಬರೆದದ್ದು. (ಪೇಪರಿನಲ್ಲಿ ನನ್ನ ಹೆಸರು ಕೊನೆಯ ಕೃತಜ್ಞತೆ ಸಾಲಿನಲ್ಲಿದೆ. ಅದಕ್ಕೆ ಸೈಟೇಷನ್ ಬರುವುದಿಲ್ಲ, ಕಾಫಿ ಬಂತು.) ಐದು ವರ್ಷ ಬಿಸಿಲಲ್ಲಿ ಹೊಲ ಸುತ್ತಿ, ಸಾವಿರಾರು ಗಿಡಗಳ ಎಲೆ ಎಣಿಸಿ ಬರೆದ ಪೇಪರ್? ಅದು ಆರನೆಯದು. ಎಂಟು.

ಆ ಎಂಟು ಜನ ಯಾರು ಎಂದು ಇಬ್ಬರೂ ಕೂತು ತೆಗೆದು ನೋಡಿದೆವು. ಇದನ್ನು ಮೊದಲೇ ಮಾಡಬೇಕಿತ್ತು. ಎರಡು ಅವಳದೇ ಮುಂದಿನ ಪೇಪರ್‌ಗಳು, ಅವನ್ನು ಬಿಡಿ. ಮೂರು ಸುಮ್ಮನೆ ಹಾದುಹೋಗುವ ಮಾತು, "ಜೋಳದಲ್ಲೂ ಹೀಗೆ ಕಂಡಿದ್ದಾರೆ" ಎಂಬಷ್ಟು. ಉಳಿದ ಮೂರರಲ್ಲಿ ಒಂದು ಗುಂಪು ಅವಳು ಗುರುತಿಸಿದ ಜಾಗವನ್ನೇ ಹಿಡಿದು ತಮ್ಮ ಒಣ ಪ್ರದೇಶದ ತಳಿಗಳಲ್ಲಿ ಪರೀಕ್ಷೆ ಮಾಡಿತ್ತು, ಅದು ಅಲ್ಲಿಯೂ ನಿಂತಿತ್ತು. ಇವಳು ಅದನ್ನು ಮೂರು ಸಲ ಓದಿದಳು. 83 ಕೊಡದ ಸಂತೋಷವನ್ನು ಆ ಒಂದು ಕೊಟ್ಟಿತು ಅನ್ನಿಸಿತು, ಅವಳು ಬಾಯಿಬಿಟ್ಟು ಹೇಳಲಿಲ್ಲ.

ಭಾನುವಾರ ಎಂದಿನಂತೆ ಮಂಡ್ಯಕ್ಕೆ ವೀಡಿಯೋ ಕಾಲ್. ಮಾವನವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಎಲ್ಲವನ್ನೂ ಕೇಳಿಸಿಕೊಂಡು ಅಂದರು, "ಅಳಿಯಂದ್ರೇ, ಹಂಗಾದ್ರೆ ನಮ್ ರಾಗಿ ಲಕ್ಷ್ಮಣಯ್ಯನೋರದು ಎಷ್ಟದೆ ನೋಡಿ ಹೇಳಿ."

ನಿಮ್ಮಲ್ಲಿ ಮಂಡ್ಯ, ಮೈಸೂರು, ಹಾಸನ ಕಡೆಯವರಿಗೆ ಆ ಹೆಸರು ಗೊತ್ತಿರುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ತಳಿಗಳ ಮೇಲೆ ಜೀವನವನ್ನೇ ತೆತ್ತವರು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ತನ್ನಲ್ಲೇ ಪರಾಗ ಮುಗಿಸಿಕೊಳ್ಳುತ್ತದೆ. ಎರಡು ತಳಿ ಕೂಡಿಸಬೇಕೆಂದರೆ ಅದು ತಾಳ್ಮೆಯ ಪರೀಕ್ಷೆ. ಅಂಥದ್ದರಲ್ಲಿ ಅವರು ಮೊದಲು ಅನ್ನಪೂರ್ಣ, ಕಾವೇರಿ, ಶಕ್ತಿಯಂಥ ತಳಿಗಳನ್ನು ತಂದರು. ಆಮೇಲೆ ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಇಂಡಾಫ್ ಸರಣಿಯನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಹೆಸರಲ್ಲೇ ಸಂಕರ. ಇಂಡಾಫ್-5, 8, 9 ಎಂದರೆ ಆ ಕಾಲದ ರೈತರಿಗೆ ಮನೆಮಕ್ಕಳ ಹೆಸರಿದ್ದ ಹಾಗೆ. "ನಮ್ ಅರ್ಧ ಎಕರೆಲಿ ನಾಲ್ಕು ಚೀಲ ಬರ್ತಿತ್ತು. ಇಂಡಾಫ್ ಹಾಕಿದ್ ವರ್ಷ ಒಂಬತ್ತು ಚೀಲ. ಅಪ್ಪ ನಂಬ್ದೆ ಎರಡ್ ಸಲ ಅಳೆಸ್ದ" ಎಂದರು ಮಾವ. ಆ ರಾಗಿ ಮಾರಿದ ದುಡ್ಡಲ್ಲಿ ಅವರು ಬಿ.ಎಡ್. ಓದಿದ್ದು. ಅವರು ಓದಿದ್ದರಿಂದ ಇವಳು ಓದಿದ್ದು.

ಲಕ್ಷ್ಮಣಯ್ಯನವರ ಹೆಸರು ಹಾಕಿ ಹುಡುಕಿದೆ. ಸಿಕ್ಕಿದ್ದು ಅಷ್ಟಕ್ಕಷ್ಟೇ. ಮಾವನವರಿಗೆ ಏನು ಹೇಳಲಿ? "ಕಡಿಮೆ ಇದೆ ಮಾವ" ಅಂದೆ. "ಹಂಗಾದ್ರೆ ಎಣ್ಸೋರು ಮುದ್ದೆ ತಿನ್ನಲ್ಲ ಬುಡಿ" ಅಂದರು.

ಹಾಗಂತ ಸೈಟೇಷನ್ ಎಲ್ಲ ಸುಳ್ಳು ಎಂದು ನಾನು ಹೇಳಲಾರೆ. ಇವಳು ದೊಡ್ಡ ಗುರುವಿನ ಶಿಷ್ಯೆ ಅಲ್ಲ, ಹೆಸರಾಂತ ಸಂಸ್ಥೆಯಿಂದ ಬಂದವಳೂ ಅಲ್ಲ. ಅವಳ ಪರವಾಗಿ ಫೋನ್ ಮಾಡುವವರು ಯಾರೂ ಇಲ್ಲ. ಅಂಥವರಿಗೆ ಮುಖ ನೋಡದೆ, ಊರು ಕೇಳದೆ ಎಣಿಸುವ ಒಂದು ನಂಬರ್ ಇರುವುದು ಉಪಕಾರವೇ. ಶಿಫಾರಸಿನ ಕಾಲಕ್ಕಿಂತ ಇದು ವಾಸಿ. ನನ್ನ ತಕರಾರು ಎಣಿಸುವ ರೀತಿಯ ಬಗ್ಗೆ. ಆ ಬಗ್ಗೆ ನಾವು ಎರಡು ಕೆಲಸ ಮಾಡಿದೆವು, ಅವನ್ನು ನಿಮಗೂ ಹೇಳಿಬಿಡುತ್ತೇನೆ.

ಮೊದಲನೆಯದು ಹೆಸರು. ನಾವು ಕನ್ನಡಿಗರು ಊರಿನ ಇನಿಷಿಯಲ್, ಅಪ್ಪನ ಇನಿಷಿಯಲ್, ಆಮೇಲೆ ನಮ್ಮ ಹೆಸರು ಬರೆಯುವವರು. ಹೆಚ್. ಎಸ್. ರಮೇಶ ಎಂಬವರು ಊರಲ್ಲಿ ಪೇಪರ್ ಬರೆದಾಗ 'ರಮೇಶ ಹೆಚ್. ಎಸ್.' ಆಗುತ್ತಾರೆ. ಪಾಸ್‌ಪೋರ್ಟಿಗೆ ಸರ್‌ನೇಮ್ ಬೇಕೆಂದು ಅಪ್ಪನ ಹೆಸರು ಹಾಕಿದರೆ ಇಲ್ಲಿಗೆ ಬಂದ ಮೇಲೆ 'ಶ್ರೀನಿವಾಸ ಆರ್.' ಆಗುತ್ತಾರೆ. ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಮನುಷ್ಯರು. ಇವಳಿಗೂ ಹೀಗೇ ಆಗಿತ್ತು. ಬೆಂಗಳೂರಿನಲ್ಲಿ ಎಂಎಸ್ಸಿ, ಪಿಎಚ್‌ಡಿ ಮಾಡುವಾಗ ಬರೆದ ಮೂರು ಪೇಪರ್ ಹಳೆಯ ಹೆಸರಿನ ಅನಾಥ ಪ್ರೊಫೈಲಿನಲ್ಲಿ ಕೂತಿದ್ದವು, ಅವಳೂ ಗಮನಿಸಿರಲಿಲ್ಲ. ಅವುಗಳ ಸೈಟೇಷನ್ 30, 5 ಮತ್ತು 1. ಕೂಡಿಸಿದ ಮೇಲೆ ಒಟ್ಟು 214, ಎಚ್-ಇಂಡೆಕ್ಸ್ 7. ಒಂದು ಶನಿವಾರದ ಕೆಲಸ. ಹೊಸದಾಗಿ ಪೇಪರ್ ಬರೆಯುವ ಮಕ್ಕಳು ಮೊದಲ ದಿನವೇ ಆರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಲಿ. 2012ರಿಂದ ಪುಕ್ಕಟೆ ಕೊಡುತ್ತಾರೆ, ಹೆಸರು ಏನೇ ಆದರೂ ಸಂಖ್ಯೆ ಬದಲಾಗುವುದಿಲ್ಲ. ಮದುವೆಯಾಗಿ ಹೆಸರು ಬದಲಿಸುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ.

ಎರಡನೆಯದು ಯಾವ ಸಾಲಿನಲ್ಲಿ ನಿಲ್ಲುತ್ತೇವೆ ಎನ್ನುವುದು. ಇಬಿ-1ರ ಹತ್ತು ಅಂಶಗಳಲ್ಲಿ ಮೂರನ್ನಾದರೂ ತೋರಿಸಬೇಕು, ಆ ಹತ್ತರಲ್ಲಿ ಸೈಟೇಷನ್ ಎಂಬ ಪದವೇ ಇಲ್ಲ. ನಿಮ್ಮ ಕೆಲಸ ಮಹತ್ವದ್ದು ಎಂದು ತೋರಿಸಲು ಎಲ್ಲರೂ ಅದನ್ನು ಹಿಡಿಯುತ್ತಾರೆ, ಅಷ್ಟೇ. ಆಗ ವಿಜ್ಞಾನವನ್ನು 22 ಶಾಖೆಗಳಾಗಿ ಮಾಡಿ, ಯಾವ ವರ್ಷದ ಪೇಪರಿಗೆ ಎಷ್ಟು ಬಂದರೆ ಮೇಲಿನ ಶೇಕಡಾ ಹತ್ತರಲ್ಲಿ ಬರುತ್ತದೆ ಎಂದು ಹೇಳುವ ಕೋಷ್ಟಕ ಇಟ್ಟುಕೊಳ್ಳುತ್ತಾರೆ. ನಮ್ಮ ವಕೀಲರ ಕಚೇರಿಯವರು "ತಳಿವಿಜ್ಞಾನಿ" ಎಂದು ಕೇಳಿ ಇವಳನ್ನು ಅಣುಜೀವವಿಜ್ಞಾನ ಮತ್ತು ತಳಿವಿಜ್ಞಾನದ ಸಾಲಿಗೆ ಹಾಕಿದ್ದರು. ಅಲ್ಲಿ ಕ್ಯಾನ್ಸರ್ ಜೀನ್ ಹುಡುಕುವವರು, ಸಾವಿರಾರು ಲ್ಯಾಬ್‌ಗಳು, ಒಂದು ಪೇಪರ್ ಬಂದರೆ ನೂರು ಜನ ಮುಗಿಬೀಳುತ್ತಾರೆ. ಜೋಳದವರು ಜಗತ್ತಿನಲ್ಲಿ ಎಷ್ಟು ಜನ? ಆ ಕೋಷ್ಟಕದಲ್ಲಿ ಸಸ್ಯ ಮತ್ತು ಪ್ರಾಣಿ ವಿಜ್ಞಾನಕ್ಕೆ ಬೇರೆ ಸಾಲೇ ಇದೆ, ಅಲ್ಲಿನ ಸರಾಸರಿ ಬಹಳ ಕಡಿಮೆ. ಇವಳ ಪೇಪರ್‌ಗಳೆಲ್ಲ ಬಂದಿರುವುದು ಸಸ್ಯವಿಜ್ಞಾನದ ಜರ್ನಲ್‌ಗಳಲ್ಲಿ. ಅದನ್ನು ತೋರಿಸಿ ಇವಳೇ ಒಂದು ಈಮೈಲ್ ಬರೆದಳು. ಮರುದಿನ ವಕೀಲರ ಫೋನ್ ಬಂತು. ಈ ಸಲ "ಹ್ಮ್" ಇರಲಿಲ್ಲ, "ಓಹ್" ಇತ್ತು.

ಕಳೆದ ತಿಂಗಳು ಅರ್ಜಿ ಹೋಯಿತು. ನಾಲ್ಕುನೂರು ಪುಟ. ವಕೀಲರು ಮುಂದೆ ಇಟ್ಟದ್ದು 83ರ ಪೇಪರನ್ನೇ. ಇವಳು ಹಟ ಹಿಡಿದು ಆ ಎಂಟರ ಪೇಪರಿಗೂ ಮೂರು ಪುಟ ವಿವರಣೆ ಸೇರಿಸಿದ್ದಾಳೆ, ಆ ಒಣ ಪ್ರದೇಶದ ಗುಂಪಿನವರಿಂದ ಪತ್ರವನ್ನೂ ತರಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ಆರು ವರ್ಷದ ಮಗಳು ದಿನಾ ಪೋಸ್ಟ್ ಡಬ್ಬಿ ನೋಡಿ "ಅಮ್ಮಾ, ಕುಪಾನ್ ಮಾತ್ರ ಬಂದಿದೆ" ಅನ್ನುತ್ತಾಳೆ. ಈ ವಾರ ಇವಳು ಹೊಸ ಬಿತ್ತನೆಗೆ ಹೊಲಕ್ಕೆ ಹೋಗಿದ್ದಾಳೆ, ಅಡುಗೆ ನನ್ನದು.

ನಿಮ್ಮ ಮನೆಯಲ್ಲೂ ಇನಿಷಿಯಲ್ ಗೋಜಲಿನಲ್ಲಿ ಕಳೆದುಹೋದ ಪೇಪರ್‌ಗಳಿದ್ದರೆ ಯುಗಾದಿ ಕಾರ್ಯಕ್ರಮದ ದಿನ ನನ್ನನ್ನು ಹಿಡಿಯಿರಿ. ಲ್ಯಾಪ್‌ಟಾಪ್ ತಂದಿರುತ್ತೇನೆ. ಊಟದ ಹೊತ್ತಿಗೆ ಬೇಡ, ಹೋಳಿಗೆ ಬಡಿಸುವ ಸಾಲಿನಲ್ಲಿ ಈ ಸಲ ನನ್ನನ್ನು ಹಾಕಿದ್ದಾರೆ.